ಗುಮ್ಮಟಕ್ಕಿಂತ ಹಳೆಯ ಪೇಟೆ

ಅಕ್ಬರನ ದೂತ ಅಸದ್ ಬೇಗನು 1603–04ರ ಸುಮಾರಿಗೆ ವಿಜಯಪುರಕ್ಕೆ ಬಂದಾಗ ಗೋಳಗುಮ್ಮಟ ಇನ್ನೂ ಎದ್ದಿರಲಿಲ್ಲ. ಪರರಾಜ್ಯದ ಆ ಅತಿಥಿಯ ಕಣ್ಣು ಸೆಳೆದದ್ದು ಇಲ್ಲಿನ ಪೇಟೆ: 30 ಗಜ ಅಗಲ, 2 ಕೋಸು ಉದ್ದ, ಅಂಗಡಿಗೊಂದು ಹಸಿರು ಮರ, ಒಡವೆ, ಅರಿವೆ, ಅತ್ತರು. ಇಲ್ಲಿ ಕಂಡ ಹೊಗೆಸೊಪ್ಪನ್ನು ಆತನು ಅಕ್ಬರನಿಗೆ ಕಾಣಿಕೆಯಾಗಿ ಒಯ್ದನು.

1672ರಲ್ಲಿ ಎರಡನೆಯ ಅಲಿ ತೀರಿಕೊಂಡನು. ಅವನ ಬಾರಾಕಮಾನು ಅರೆಯಾಗಿಯೇ ಉಳಿಯಿತು. 1686ರಲ್ಲಿ ಔರಂಗಜೇಬನು ಊರನ್ನು ಗೆದ್ದನು. ಆದಿಲಶಾಹಿ ಮುಗಿಯಿತು, ಊರು ಸೊರಗಿತು. ಆದರೂ ಪೇಟೆ ಸಾಯಲಿಲ್ಲ. ತಿಕೋಟಾ, ಬಬಲೇಶ್ವರಗಳ ಒಣದ್ರಾಕ್ಷಿ ಇಂದು ಇಲ್ಲಿಗೇ ಬರುತ್ತದೆ. ಅರಸರ ಕಥೆಯನ್ನು ಕಲ್ಲು ಹೇಳೀತು; ಒಕ್ಕಲಿಗನ, ವರ್ತಕನ ಕಥೆಗೆ ಪೇಟೆಯೇ ಶಾಸನ. ಗುಮ್ಮಟ ನೋಡಿ ಮರಳುವ ಯಾತ್ರಿಕರು ಅದನ್ನೂ ಓದಿಕೊಂಡು ಹೋಗಬೇಕು.