ಹುಳುವಿನ ಜ್ವರ, ಮನೆಯ ಬಿಡುವು: ರಾಮನಗರ ಸೀಮೆಯ ರೇಷ್ಮೆ ಮನೆಗಳು

ರೇಷ್ಮೆಯ ಚರಿತ್ರೆಯನ್ನು ಮಾರುಕಟ್ಟೆಯಿಂದ ಆರಂಭಿಸುವುದು ವಾಡಿಕೆ. ಆದರೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರ ಹಾಗೂ ನೆರೆಯ ಕನಕಪುರ, ಮಾಗಡಿ, ಚನ್ನಪಟ್ಟಣಗಳ ಸೀಮೆಯಲ್ಲಿ ಅದರ ನೆಲೆ ನಡುಮನೆ. ಪ್ರತ್ಯೇಕ ಸಾಕಣೆಮನೆಗಳು ಬಳಕೆಗೆ ಬರುವ ಮುನ್ನ ಹುಳುವಿನ ತಟ್ಟೆಗಳು ಜನರು ಉಂಡು ಮಲಗುವ ಸೂರಿನಡಿಯಲ್ಲೇ ಇರುತ್ತಿದ್ದವು.

ಮನೆವಾರ್ತೆಯ ಹೊತ್ತುಗೊತ್ತನ್ನು ಹುಳುವೇ ನಿರ್ಧರಿಸುತ್ತಿತ್ತು. ಸುಮಾರು ನಾಲ್ಕು ವಾರಗಳ ಸಾಕಣೆಯಲ್ಲಿ ಅದು ನಾಲ್ಕು ಬಾರಿ ಪೊರೆ ಕಳಚುತ್ತದೆ. ಈ ಅವಸ್ಥೆಗೆ ರೈತರಿಟ್ಟ ಹೆಸರು ‘ಜ್ವರ’. ಆಗ ಹುಳು ಸೊಪ್ಪು ಮುಟ್ಟದು. ಹೀಗಾಗಿ ಹುಳುವಿನ ಜ್ವರದ ದಿನವೇ ಸೊಪ್ಪು ಹೆಚ್ಚುವ ಹೆಂಗಸರಿಗೆ ಒದಗುತ್ತಿದ್ದ ಬಿಡುವು. ನಾಲ್ಕನೆಯ ಜ್ವರ ಎದ್ದಮೇಲೆ ಅದೂ ಇಲ್ಲ: ಒಟ್ಟು ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಭಾಗ ಈ ಕೊನೆಯ ವಾರಕ್ಕೇ ಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಂಕಿಗೆ ಬಿಡುವವರೆಗೆ ರಾತ್ರಿಯೂ ದುಡಿಮೆಯೇ.

ಹುಳುವಿನ ರೋಗಗಳಿಗೂ ಮನೆಮಾತಿನ ಹೆಸರುಗಳಿವೆ: ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಬಳಿಕ ಹುಳುಮನೆಯ ಕಿಟಕಿ, ಬಾಗಿಲುಗಳಿಗೆ ಪರದೆ ಬಂದಿತು. ಅದು ಮನುಷ್ಯರನ್ನು ಸೊಳ್ಳೆಯಿಂದ ಕಾಯಲೆಂದು ಬಂದುದಲ್ಲವೆಂಬುದು ಗಮನಾರ್ಹ. ರಾಮನಗರದ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಕುದಿನೀರಿನಿಂದ ಎಳೆ ಹುಡುಕಿ ಚರಕಕ್ಕೆ ಹಚ್ಚುತ್ತಿದ್ದ ಬೆರಳುಗಳು ಮಾತ್ರ ಬರಿದಾಗಿಯೇ ಇದ್ದವು.