ಗುಂಡುಕಲ್ಲು, ಟೊಂಕ ಮತ್ತು ಮೀಟುಗೋಲು

ರಾಯಚೂರು ಕೋಟೆಯ ಪಡುವಣ ಒಳಗೋಡೆಯಲ್ಲಿ 41 ಅಡಿಗೂ ಮಿಕ್ಕಿ ಉದ್ದದ ಅಖಂಡ ಕಲ್ಲೊಂದಿದೆ. 1294ರಲ್ಲಿ ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಅಷ್ಟು ದೊಡ್ಡ ಬಂಡೆ ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಕೆತ್ತಿದವರೇ ಗೋಡೆಯ ಮೇಲೆ ಚಿತ್ರಿಸಿಟ್ಟಿದ್ದಾರೆ: ಕಲ್ಲು ಹೇರಿದ ಗಟ್ಟಿಗಾಲಿಯ ಬಂಡಿ, ಮುಂದೆ ಉದ್ದಕ್ಕೂ ಕೋಣಗಳ ಸಾಲು, ಕೂಗಿ ಹುರುಪು ತುಂಬುವ ಹೊಡೆಯಾಳುಗಳು, ಹಿಂದೆ ಗಾಲಿಗೆ ಮೀಟುಗೋಲು ಕೊಟ್ಟು ಒತ್ತುವ ಮಂದಿ. ಈ ಕೊನೆಯ ಆಳುಗಳನ್ನು ನಿಂತು ನೋಡಬೇಕು. ಕೋಣಗಳ ಬಲ ಇದ್ದೂ ಮೀಟುಗೋಲು ಬೇಕಾಯಿತು, ಅದನ್ನು ಎಲ್ಲಿ ಕೊಡಬೇಕೆಂದು ಬಲ್ಲವರೂ ಬೇಕಾದರು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯಲ್ಲಿ ಬೆಳೆದು ಬಂದ ಗುಂಡುಕಲ್ಲು ಎತ್ತುವ ಪದ್ಧತಿಯನ್ನು ನಾವು ರಟ್ಟೆಯ ಬಲದ ಪ್ರದರ್ಶನವೆಂದೇ ಕಾಣುತ್ತ ಬಂದಿದ್ದೇವೆ. ನನಗೆ ಅದು ಮೀಟುಗೋಲಿನ ವಿದ್ಯೆಯಾಗಿಯೇ ಕಾಣುತ್ತದೆ. ಇಲ್ಲಿ ಗೋಲು ಮೂಳೆ, ಆಧಾರ ಕೀಲು, ಒತ್ತುವ ಆಳು ಸ್ನಾಯು.

ಅರಕೇರಾ, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿರಲಿ, ಉಳಿದ ಕಲ್ಯಾಣ ಕರ್ನಾಟಕವಿರಲಿ, ಹಬ್ಬ ಜಾತ್ರೆಗಳ ಹೊತ್ತಿಗೆ ಗುಂಡು ಎತ್ತುವುದು, ಸಂಗ್ರಾಣಿ ಕಲ್ಲು ಎತ್ತುವುದು, ಉಸುಕಿನ ಚೀಲ ಹೊರುವುದು ಹಳೆಯ ರೂಢಿ. ರಾಯಚೂರು ನಗರದಲ್ಲಿ ಕಾರಹುಣ್ಣಿಮೆಯ ಮುಂಗಾರು ಹಬ್ಬಕ್ಕೆ ಎತ್ತುಗಳು ಟನ್‌ಗಟ್ಟಲೆ ಭಾರದ ಕಲ್ಲನ್ನು ಎಳೆಯುತ್ತವೆ, ಅದರ ಜೊತೆಗೇ ಮನುಷ್ಯರ ಭಾರದ ಪಂದ್ಯಗಳೂ ನಡೆಯುತ್ತವೆ. ಗುಂಡಿಗೆ ಹಿಡಿಕೆ ಇಲ್ಲ, ಮೈ ನುಣುಪು. ಪಳಗಿದ ಪೈಲ್ವಾನ ಅದನ್ನು ನೆಲದಿಂದ ನೇರ ಹೆಗಲಿಗೆ ಎತ್ತುವುದಿಲ್ಲ. ಕಾಲಗಲಿಸಿ ಗುಂಡನ್ನು ಎರಡು ಪಾದಗಳ ನಡುವೆ ತಂದುಕೊಳ್ಳುತ್ತಾನೆ. ತುಸು ಉರುಳಿಸಿ ಅಡಿಯಲ್ಲಿ ಬೆರಳು ತೂರಿಸಿ, ಮೊಣಕಾಲು ಮಡಿಸಿದಂತೆಯೇ ತೊಡೆಯ ಮೇಲೆ ಹತ್ತಿಸಿಕೊಳ್ಳುತ್ತಾನೆ. ಅಲ್ಲಿ ಒಂದು ಗಳಿಗೆ ತಡೆಯುತ್ತಾನೆ. ಕೈ ಬದಲಿಸಿ ಗುಂಡನ್ನು ಎದೆಗೆ ಅವಚಿ, ಉಸಿರು ಬಿಗಿಹಿಡಿದು ಟೊಂಕವನ್ನು ಮುಂದಕ್ಕೆ ಜಾಡಿಸಿ ಎದ್ದು ನಿಲ್ಲುತ್ತಾನೆ. ಹಾಗೆ ಜಾಡಿಸಿದ ರಭಸ ಇಳಿಯುವ ಮೊದಲೇ ಗುಂಡು ಹೆಗಲೇರಿ ಬೆನ್ನ ಹಿಂದೆ ಬೀಳುತ್ತದೆ. ನೋಡುವವರ ಕಣ್ಣು ಕೈಯ ಮೇಲಿರುತ್ತದೆ, ಕೈ ಮಾತ್ರ ಇಡೀ ಕೆಲಸದಲ್ಲಿ ಕೊಕ್ಕೆಯಷ್ಟೇ ಆಗಿರುತ್ತದೆ.

ಯಾಕೆ ಹೀಗೆ ಎಂಬುದಕ್ಕೆ ಇಟಲಿಯ ಬೊರೆಲ್ಲಿ ಪ್ರಾಣಿಗಳ ಚಲನೆಯ ಬಗ್ಗೆ ಬರೆದ ಗ್ರಂಥದಲ್ಲಿ ಉತ್ತರವಿದೆ. ಅದು 1680ರ ಸುಮಾರಿಗೆ ಅಚ್ಚಾಯಿತು. ಅಲ್ಲಿಯವರೆಗೆ, ಸಣ್ಣ ಬಲದಿಂದ ದೊಡ್ಡ ಭಾರ ಎತ್ತುವಂತೆ ಪ್ರಕೃತಿ ಮೈಯನ್ನು ಹವಣಿಸಿದೆ ಎಂದು ನಂಬಿದವರು ಬಹಳ. ಬೊರೆಲ್ಲಿ ಲೆಕ್ಕ ಹಾಕಿ ಇದು ಉಲ್ಟಾ ಎಂದು ತೋರಿಸಿದ. ರಟ್ಟೆಯ ಸ್ನಾಯು ಮೊಣಕೈ ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲೇ ಮೂಳೆಗೆ ಅಂಟುತ್ತದೆ. ಅಂಗೈಯಲ್ಲಿರುವ ಭಾರ ಅದೇ ಕೀಲಿನಿಂದ 35 ಸೆಂಟಿಮೀಟರ್ ಆಚೆ ಇದೆ. ಹೀಗಾಗಿ ಕೈಯಲ್ಲಿ 5 ಕಿಲೋ ಹಿಡಿದರೆ ಸ್ನಾಯು ಅದರ ಏಳೆಂಟು ಪಟ್ಟು ಎಳೆಯಬೇಕು. ಬಲದಲ್ಲಿ ಕಳೆದುಕೊಂಡದ್ದನ್ನು ಮೈ ವೇಗದಲ್ಲಿ, ಚಾಚಿನಲ್ಲಿ ಪಡೆಯುತ್ತದೆ: ಸ್ನಾಯು ಬೆರಳಗಲ ಕುಗ್ಗಿದರೆ ಅಂಗೈ ಹೆಚ್ಚುಕಡಿಮೆ ಒಂದು ಗೇಣು ಸರಿಯುತ್ತದೆ. ಬೆನ್ನಿನಲ್ಲಿ ಈ ಲೆಕ್ಕ ಇನ್ನೂ ಕಠಿಣ. 50 ಕಿಲೋ ಗುಂಡನ್ನು ಬೆನ್ನುಮೂಳೆಯಿಂದ 40 ಸೆಂಟಿಮೀಟರ್ ಮುಂದೆ ಹಿಡಿದರೆ, ಮೂಳೆಯ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿರುವ ಸ್ನಾಯುಗಳು 400 ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕಾಗುತ್ತದೆ. ಅದೇ ಗುಂಡನ್ನು 20 ಸೆಂಟಿಮೀಟರಿಗೆ ತಂದುಕೊಂಡರೆ 200 ಸಾಕು. ಬಾಗಿದ ಮುಂಡದ ತೂಕ ಇದರ ಮೇಲೆ ಬೇರೆ. ಪಾದಗಳ ನಡುವೆ ಗುಂಡು ತಂದುಕೊಳ್ಳುವುದು, ತೊಡೆಗೆ ಹತ್ತಿಸುವುದು, ಎದೆಗೆ ಅವಚುವುದು ಎಲ್ಲವೂ ಈ ದೂರವನ್ನು ಕಡಿಮೆ ಮಾಡುವ ಉಪಾಯಗಳು. ತೊಡೆಯ ಮೇಲೆ ತಡೆಯುವುದರಿಂದ ಒಂದು ಉದ್ದದ ಎತ್ತುವಿಕೆ ಎರಡು ಗಿಡ್ಡ ಎತ್ತುವಿಕೆಗಳಾಗಿ ಒಡೆಯುತ್ತದೆ. ಉಸಿರು ಬಿಗಿಹಿಡಿದಾಗ ಹೊಟ್ಟೆಯೊಳಗಿನ ಒತ್ತಡ ಬೆನ್ನುಮೂಳೆಗೆ ಮುಂದಿನಿಂದ ಆಸರೆಯಾಗುತ್ತದೆ. ಎದ್ದು ನಿಲ್ಲಿಸುವ ಕೆಲಸ ಕುಂಡಿ ಮತ್ತು ತೊಡೆಯ ಸ್ನಾಯುಗಳದ್ದು. ಮೈಯಲ್ಲಿ ಅವುಗಳಷ್ಟು ದಪ್ಪದವು ಬೇರೆ ಇಲ್ಲ, ಅವು ಆಡಿಸುವ ತೊಡೆಮೂಳೆಯಷ್ಟು ಉದ್ದದ ಮೂಳೆಯೂ ಇಲ್ಲ. ಮೊಣಕಾಲಿನ ಚಿಪ್ಪು ಕೂಡ ಸುಮ್ಮನೆ ಇಲ್ಲ. ಅದು ಕಂಡರವನ್ನು ಕೀಲಿನಿಂದ ತುಸು ಹೊರಕ್ಕೆ ಎತ್ತಿ ಹಿಡಿದು ತೊಡೆಯ ಎಳೆತಕ್ಕೆ ಹೆಚ್ಚಿನ ಹಿಡಿತ ಕೊಡುತ್ತದೆ. ಗರಡಿಯಲ್ಲಿ ಗುಂಡು ಮುಟ್ಟುವ ಮೊದಲು ತಿಂಗಳುಗಟ್ಟಲೆ ಬೈಠಕ್ ಹೊಡೆಸುವುದರ ಅರ್ಥ ಇಲ್ಲಿದೆ.

ಆಧುನಿಕ ಶರೀರವಿಜ್ಞಾನವನ್ನು ಹಳೆಯ ಆಟದೊಳಕ್ಕೆ ತುರುಕುವುದು ಸುಲಭ, ಪೈಲ್ವಾನರಿಗೆ ಈ ಲೆಕ್ಕವೆಲ್ಲಿ ಗೊತ್ತಿತ್ತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಆದರೆ ಶ್ರಮವನ್ನು ವಿಂಗಡಿಸಿ ಹಂತಹಂತವಾಗಿ ಕಲಿಸುವ ಕ್ರಮ ಇತ್ತೆಂಬುದಕ್ಕೆ ಲಿಖಿತ ಆಧಾರವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದಕ್ಕೆ ಪ್ರತ್ಯೇಕ ಭಾಗವಿದೆ. ರಾಯಚೂರು ಸೀಮೆ ಆಗ ಅವನ ರಾಜ್ಯದಲ್ಲೇ ಇತ್ತು. ಭಾರ ಎತ್ತುವ ಶ್ರಮ, ನಡೆದಾಡುವ ಶ್ರಮ, ನೀರಿನಲ್ಲಿ ಮಾಡುವ ಶ್ರಮ, ತೋಳಿನ ಶ್ರಮ, ಕಂಬದ ಶ್ರಮ ಎಂದು ಮಲ್ಲನ ಅಭ್ಯಾಸವನ್ನು ಅಲ್ಲಿ ಬೇರೆಬೇರೆ ಮಾಡಿ ಹೇಳಿದೆ. ಬಲ ಒಂದೇ ಎಂದುಕೊಂಡವರು ಹೀಗೆ ವಿಂಗಡಿಸುವುದಿಲ್ಲ. ಕಂಬ ಹತ್ತುವುದು ಹೆಗಲಿಗೆ ಬೇರೆಯ ಕೆಲಸ, ಭಾರ ಎತ್ತುವುದು ಟೊಂಕಕ್ಕೆ ಬೇರೆಯ ಕೆಲಸ ಎಂಬ ಅರಿವು ಆ ವಿಂಗಡಣೆಯಲ್ಲಿ ಇದೆ. ನಾಲ್ಕು ಶತಮಾನಗಳ ಅನಂತರ ಪೋರ್ಚುಗೀಸ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಮುಂಜಾವನ್ನು ವರ್ಣಿಸುತ್ತಾನೆ. ರಾಯ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಿನಲ್ಲಿ ಎತ್ತುತ್ತಾನೆ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುಗಿಸುತ್ತಾನೆ, ಆಮೇಲೆ ಕುಸ್ತಿ, ಕೊನೆಗೆ ಕುದುರೆ. ಪಾಯಸ್ ಬಂದದ್ದು ರಾಯಚೂರಿನ ಯುದ್ಧದ ಆಸುಪಾಸಿನಲ್ಲಿ. ಆ ಯುದ್ಧದಲ್ಲಿ, 1520ರಲ್ಲಿ, ಇದೇ ರಾಯ ಇಸ್ಮಾಯಿಲ್ ಆದಿಲ್ ಶಾಹನಿಂದ ಇದೇ ಕೋಟೆಯನ್ನು ಗೆದ್ದುಕೊಂಡ. ಅವನ ಅಭ್ಯಾಸದ ಅನುಕ್ರಮ ನನಗೆ ಮುಖ್ಯ. ಮೊದಲು ಹೇಳಿದಂತೆ ಕೇಳುವ ಭಾರ, ಆಮೇಲೆ ಕೀಲುಗಳನ್ನು ವೇಗವಾಗಿ ತಿರುಗಿಸುವ ಆಯುಧ, ಕೊನೆಗೆ ತನ್ನದೇ ಇಚ್ಛೆಯಿರುವ ಮನುಷ್ಯ ಮತ್ತು ಪ್ರಾಣಿ.

ಅರಮನೆಯ ದಿನಚರಿಯಿಂದ ಹಳ್ಳಿಯ ಪದ್ಧತಿಗೆ ಸೇತುವೆ ಕಟ್ಟಲಾಗದು ಎಂಬುದು ಇನ್ನೊಂದು ಆಕ್ಷೇಪ. ರಾಯನಿಂದ ಹಳ್ಳಿಯವರು ಕಲಿತರೆಂದು ನಾನೂ ಹೇಳುತ್ತಿಲ್ಲ, ಹರಿವು ಬಹುಶಃ ಹಳ್ಳಿಯಿಂದ ಮೇಲಕ್ಕೆ ಇದ್ದೀತು. ರಾಯ ಎತ್ತಿದ್ದು ಮಣ್ಣಿನ ಭಾರ, ಕುಂಬಾರನ ಕೈಯಿಂದ ಬಂದದ್ದು. ದೇವದುರ್ಗ ಬೇಡ ನಾಯಕರ ಪಾಳೆಯಪಟ್ಟಾಗಿದ್ದ ಊರು. ಸುತ್ತಲಿನ ಒಕ್ಕಲಿನ ಮಕ್ಕಳೇ ಕಾಲಾಳುಗಳಾಗಿ ಹೋಗುತ್ತಿದ್ದ ನಾಡಿನಲ್ಲಿ ಹೊಲದ ಮೈಗೂ ದಂಡಿನ ಮೈಗೂ ನಡುವೆ ಗೋಡೆ ಇರಲಿಲ್ಲ. ಹಗೇವಿನಿಂದ ಜೋಳ ತೆಗೆದು ಚೀಲ ಹೊರುವವನಿಗೂ ಕೋಟೆಗೆ ಕಲ್ಲು ಸಾಗಿಸುವವನಿಗೂ ಬೇಕಾದದ್ದು ಅದೇ ಟೊಂಕ. ಇಂದಿಗೂ ರಾಯಚೂರಿನ ಮಾರುಕಟ್ಟೆ ಅಂಗಳದಲ್ಲಿ ಹಮಾಲರು ಚೀಲವನ್ನು ಬೆನ್ನ ಮೇಲ್ಭಾಗಕ್ಕೆ ಹಾಕಿಸಿಕೊಂಡು ಮುಂದೆ ಬಾಗಿ ಸಣ್ಣ ಹೆಜ್ಜೆಯಲ್ಲಿ ನಡೆಯುತ್ತಾರೆ. ಭಾರದ ಗೆರೆ ಪಾದಗಳ ಮೇಲೆ ಬೀಳುವಂತೆ ಮೈಯನ್ನು ಹೊಂದಿಸಿಕೊಳ್ಳುವ ರೀತಿ ಅದು.

ಈ ಪದ್ಧತಿ ಮೈಗಳನ್ನು ಮುರಿದದ್ದೂ ಇದೆ. ಪಂದ್ಯದ ಹುಮ್ಮಸ್ಸಿನಲ್ಲಿ ಸೊಂಟ ಹಿಡಿದುಕೊಂಡವರು, ಬೆನ್ನುಮೂಳೆಯ ನಡುವಿನ ಗಾದಿ ಜಾರಿಸಿಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ. ಇದನ್ನು ಮುಚ್ಚಿಡಬಾರದು. ಎಚ್ಚರಿಕೆಯಂತೂ ಹಳೆಯದೇ. ಸುಶ್ರುತ ಸಂಹಿತೆ ವ್ಯಾಯಾಮವನ್ನು ಅರ್ಧ ಬಲಕ್ಕೆ ನಿಲ್ಲಿಸಬೇಕೆನ್ನುತ್ತದೆ, ಉಸಿರು ಬಾಯಿಗೆ ಬಂದರೆ ಅರ್ಧ ಮುಗಿಯಿತು ಎನ್ನುತ್ತದೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನೇ ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ವುಲ್ಫ್ 1892ರಲ್ಲಿ ಬರೆದ. ಆ ಕಟ್ಟುವಿಕೆಗೆ ಬಿಡುವು ಬೇಕು. ಗರಡಿಯ ನಿತ್ಯಾಭ್ಯಾಸ ಈ ಅರ್ಧ ಬಲದ ನಿಯಮಕ್ಕೆ ಹತ್ತಿರವಿತ್ತು, ಜಾತ್ರೆಯ ಪಂದ್ಯ ಅದನ್ನು ಮೀರುತ್ತಿತ್ತು. ಗಾಯಗಳ ಹೊಣೆಯನ್ನು ನಾನು ಪಂದ್ಯದ ಮೇಲೆ ಹೊರಿಸುತ್ತೇನೆ.

ನನ್ನ ವಾದಕ್ಕೆ ನಿಜವಾದ ಇಕ್ಕಟ್ಟು ಬರುವುದು ಬೇರೆ ಕಡೆಯಿಂದ. ಗುಂಡು ಎತ್ತಿದ ಗಂಡಸಿಗೆ ಬೆಳ್ಳಿ ಕಡಗ ಸಿಕ್ಕಿತು, ಮೆರವಣಿಗೆ ಸಿಕ್ಕಿತು. ಇದೇ ಮೀಟಿನ ಲೆಕ್ಕವನ್ನು ಅವನಿಗಿಂತ ಚೊಕ್ಕವಾಗಿ ಬಿಡಿಸಿದವರು ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊತ್ತ ಹೆಂಗಸರು. ಕೊಡದ ಭಾರ ನೇರವಾಗಿ ಬೆನ್ನುಮೂಳೆಯ ಕಂಬದ ಮೇಲೆ ಇಳಿಯುತ್ತದೆ. ಮುಂದಕ್ಕೆ ಎಳೆಯುವ ದೂರ ಬಹುತೇಕ ಸೊನ್ನೆ, ಬೆನ್ನಿನ ಸ್ನಾಯುಗಳಿಗೆ ಸಮತೋಲ ಕಾಯುವ ಕೆಲಸವಷ್ಟೇ. ಆದರೆ ಕುತ್ತಿಗೆಯ ಮೂಳೆಗಳು ವರ್ಷಾನುಗಟ್ಟಲೆ ಅದರ ಬೆಲೆ ತೆರುತ್ತವೆ. ಇದೇ ಹೆಂಗಸರು ಮಾಡುವ ಭತ್ತದ ನಾಟಿಯಲ್ಲಂತೂ ಇಂಥ ಉಪಾಯವೇ ಇಲ್ಲ. ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಬಹುಮಟ್ಟಿಗೆ ಕೆಲಸ ನಿಲ್ಲಿಸಿಬಿಡುತ್ತವೆ. ಮುಂಡದ ತೂಕದ ಹೆಚ್ಚಿನ ಪಾಲನ್ನು ಮೂಳೆಗಳನ್ನು ಕಟ್ಟಿರುವ ತಂತುಗಳೇ ಹೊರುತ್ತವೆ, ಗಂಟೆಗಟ್ಟಲೆ ಹೊತ್ತು ಸಡಿಲವಾಗುತ್ತವೆ. ಸಂಜೆ ನೆಟ್ಟಗಾಗುವಾಗ ಬರುವ ನೋವಿನ ಮೂಲ ಬಹುಮಟ್ಟಿಗೆ ಇದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿಗೆ ಹರಿದ ಮೇಲೆ ಈ ಪ್ರಮಾಣದ ನಾಟಿ ಇಲ್ಲಿ ಬಂತು. ಗುಂಡಿನ ವಿದ್ಯೆ ಪಳಗಲು ಶತಮಾನಗಳು ಸಿಕ್ಕಿದ್ದವು, ಕಲಿಸುವ ಉಸ್ತಾದರಿದ್ದರು, ಎತ್ತಿ ಇಳಿಸಿದ ಮೇಲೆ ದಣಿವಾರಿಸಿಕೊಳ್ಳುವ ಹೊತ್ತಿತ್ತು. ನಾಟಿಯ ಕೂಲಿ ಎಕರೆ ಲೆಕ್ಕದ ಗುತ್ತಿಗೆ. ಅರ್ಧ ಬಲಕ್ಕೆ ನಿಲ್ಲಿಸಿದವಳಿಗೆ ಅರ್ಧ ಕೂಲಿ.