ಘಟ್ಟ ಹತ್ತಿದ ಮಾಣಿಗಳು

ಉಡುಪಿ ಹೋಟೆಲಿನ ಚರಿತ್ರೆ ಬರೆಯುವವರು ಮಾಲೀಕರಿಂದಲೇ ಶುರುಮಾಡುತ್ತಾರೆ. ಮಠದ ಅಡುಗೆಮನೆಯಲ್ಲಿ ದುಡಿದ ಕಡಂದಲೆಯ ಕೃಷ್ಣರಾಯರು ಮದರಾಸಿಗೆ ಹೋಗಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ರಾಮ ನಾಯಕರು 1942ರಲ್ಲಿ ಮುಂಬೈಯ ಮಾಟುಂಗದಲ್ಲಿ ಊಟದ ಹೋಟೆಲು ಇಟ್ಟರು. ದೊಡ್ಡ ಓದು ಇಲ್ಲದೆ ಮೇಲೆ ಬಂದ ಇಂಥವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಅಂಥ ಒಬ್ಬೊಬ್ಬರ ಹಿಂದೆ ಲೋಟ ತೊಳೆದ ಹುಡುಗರು ಎಷ್ಟೋ ಜನ. ನಾನು ಹೇಳಬೇಕಾದದ್ದು ಅವರ ಸುದ್ದಿ, ಯಾಕೆಂದರೆ ನಾನೂ ಅವರಲ್ಲೊಬ್ಬ.

ಕೋಟದ ಕಡೆ ನಮ್ಮದು ಚಾಲಗೇಣಿ ಒಕ್ಕಲು. ಧಣಿಗಳು ಬೇಡವೆಂದರೆ ಮರುವರ್ಷ ಗದ್ದೆ ಬಿಡಬೇಕು. ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಹೊತ್ತು ಹಾಕಿದ ಮೇಲೆ ಉಳಿಯುತ್ತಿದ್ದದ್ದು ಆಸಾಡಿಯವರೆಗೂ ಬರುತ್ತಿರಲಿಲ್ಲ. ಆಮೇಲೆ ಕೆಸುವಿನೆಲೆ, ಹಲಸಿನ ಬೀಜ, ಗಂಜಿತಿಳಿ. ಐದನೇ ಕ್ಲಾಸು ಮುಗಿದದ್ದೇ, ಮನೆಯಲ್ಲಿ ಒಂದು ಹೊಟ್ಟೆಯಾದರೂ ಕಡಿಮೆಯಾಗಲಿ ಎಂದು 1955ರಲ್ಲಿ ನನ್ನನ್ನು ಶಿವಮೊಗ್ಗಕ್ಕೆ ಕಳಿಸಿದರು. ನಮ್ಮ ಜಿಲ್ಲೆ ಆಗ ಮದರಾಸು ರಾಜ್ಯದಲ್ಲಿತ್ತು. ಆಗುಂಬೆ ಘಟ್ಟ ಹತ್ತಿದರೆ ಮೈಸೂರು ರಾಜ್ಯ. ನಮ್ಮೂರಿನ ಮಾಣಿಗಳಿಗೆ ಆ ಘಟ್ಟವೇ ಹೈಸ್ಕೂಲು.

ಹೋಟೆಲಿನಲ್ಲಿ ಮೇಲೇರುವುದಕ್ಕೆ ಒಂದು ಕ್ರಮವಿತ್ತು. ಮೊದಲು ಲೋಟ ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಮೀಸೆ ಚಿಗುರುವ ಹೊತ್ತಿಗೆ ಸಪ್ಲಯರ್. ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬಬೇಕು, ರಾತ್ರಿ ಬೆಂಚು ಜೋಡಿಸಿಕೊಂಡು ಮಲಗಬೇಕು. ಊಟ ಅಲ್ಲೇ, ಸಂಬಳ ಊರಿಗೆ ಮನಿಯಾರ್ಡರ್. ಸಪ್ಲಯರಿಗೆ ಬಿಲ್ಲು ಪುಸ್ತಕ ಇರಲಿಲ್ಲ. ಯಾವ ಟೇಬಲಿನಲ್ಲಿ ಯಾರು ಏನು ತಿಂದರು ಎಂಬುದೆಲ್ಲ ತಲೆಯಲ್ಲೇ ಇರಬೇಕು. ಗಿರಾಕಿ ಎದ್ದು ಗಲ್ಲೆಯ ಕಡೆ ನಡೆಯುವಾಗ ಮೊತ್ತ ಕೂಗಬೇಕು. ಕಡಿಮೆ ಕೂಗಿದರೆ ನಮ್ಮ ಸಂಬಳಕ್ಕೇ ಕತ್ತರಿ.

ಹೀಗಿರುವಾಗ 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಹದಿನಾರಾಣೆಯ ರೂಪಾಯಿ ನೂರು ಪೈಸೆಯಾಯಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಎರಡಾಣೆಯ ಕಾಫಿಗೆ ಒಬ್ಬ ಕೊಟ್ಟರೆ 12 ಪೈಸೆ, ಇಬ್ಬರದು ಒಟ್ಟಿಗೆ ಕೊಟ್ಟರೆ 25! ಆ ಒಂದು ಪೈಸೆಗೆ ಗಲ್ಲೆಯ ಮುಂದೆ ಎಷ್ಟೋ ಜಗಳ. ಹಳೆಯ ನಾಣ್ಯವೂ ಹೊಸದೂ ಒಟ್ಟಿಗೇ ಓಡಾಡುತ್ತಿದ್ದ ಆ ದಿನಗಳಲ್ಲಿ ಕಾಲೇಜು ಓದಿದ ಗಿರಾಕಿಗಳು ಬೆರಳು ಮಡಿಸುತ್ತಿದ್ದರೆ ನಾವು ಎರಡು ಲೆಕ್ಕವನ್ನೂ ಬಾಯಲ್ಲೇ ಮುಗಿಸುತ್ತಿದ್ದೆವು. ಶಾಲೆಯಲ್ಲಿ ಸಂಜೆ ಸಂಜೆ ಒಪ್ಪಿಸಿದ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಇಲ್ಲಿ ಅನ್ನಕ್ಕೆ ಬಂತು. ಓದಿದ ಐದು ಕ್ಲಾಸಿನಲ್ಲಿ ಒಂದಿಷ್ಟೂ ವ್ಯರ್ಥವಾಗಲಿಲ್ಲ. ನನಗೆ ಸಂಕಟವಾಗುವುದು ಓದದೆ ಉಳಿದ ಕ್ಲಾಸುಗಳನ್ನು ನೆನೆದಾಗ.

ನಾನು ಬ್ರಾಹ್ಮಣರ ಮನೆಯ ಹುಡುಗನಾದ್ದರಿಂದ ಒಲೆಯ ಹತ್ತಿರ ಹೋಗಲು ಬಿಟ್ಟರು, ಅಡುಗೆ ಕಲಿತೆ. ನಮ್ಮಷ್ಟೇ ಹಸಿದು ಬಂದ ಬೇರೆ ಜಾತಿಯ ಹುಡುಗರು ಹಿತ್ತಿಲಿನ ತೊಟ್ಟಿಯಲ್ಲೇ ಉಳಿದರು. ದಲಿತ ಹುಡುಗರಿಗಂತೂ ತೊಟ್ಟಿಯ ಕೆಲಸವೂ ಸಿಗುತ್ತಿರಲಿಲ್ಲ. ಬಡತನ ಎಲ್ಲರಿಗೂ ಒಂದೇ ಪಾಠ ಕಲಿಸುತ್ತದೆ ಎನ್ನುವವರು ಇದನ್ನು ನೋಡಿಲ್ಲ. ಕರಾವಳಿಯ ಅನೇಕ ಹುಡುಗರು ಮುಂಬೈ ದಾರಿ ಹಿಡಿದರು. ಅಲ್ಲಿ ಮೊಗವೀರರು, ಅವರ ಹಾಗೆಯೇ ಬೇರೆ ಸಮಾಜದವರೂ, ಕನ್ನಡ ರಾತ್ರಿ ಶಾಲೆ ನಡೆಸುತ್ತಿದ್ದರು. ಹಗಲು ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಮೆಟ್ರಿಕ್ ಓದಿದವರು ಬ್ಯಾಂಕು, ಕಚೇರಿ ಸೇರಿದರು. ನಮ್ಮ ಹೋಟೆಲು ಮುಚ್ಚುವ ಹೊತ್ತಿಗೆ ತೆರೆದಿರುವ ಶಾಲೆ ನಮಗೆ ಸಿಗಲಿಲ್ಲ.

ಬಾಯಿಲೆಕ್ಕದ ಜಾಣತನ ಕಾಗದದ ಎದುರು ನಡೆಯುವುದಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಒಕ್ಕಲುಗಳು ಏಳನೇ ನಂಬರಿನ ಫಾರಂ ತುಂಬಿ ಅರ್ಜಿ ಕೊಡಬೇಕಾಯಿತು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಎಂದೇ ಹೆಸರು. ಅಪ್ಪಯ್ಯ ಫಾರಂ ಕಳಿಸಿದರು. ಅಕ್ಷರವೆಲ್ಲ ಓದಿದೆ, ಆದರೆ ಸರ್ವೆ ನಂಬರು ಎಲ್ಲಿ ಬರೆಯಬೇಕು, ರಸೀದಿಯೇ ಇಲ್ಲದ ಗೇಣಿಗೆ ಏನು ಸಾಕ್ಷಿ ಕೊಡಬೇಕು ಎಂದು ತಿಳಿಯಲಿಲ್ಲ. ದಿನಾ ಸಂಜೆ ಬರುವ ಗಿರಾಕಿಗಳಲ್ಲಿ ಯಾರು ವಕೀಲರ ಗುಮಾಸ್ತರು, ಅವರಿಗೆ ಯಾವ ಹೊತ್ತು ಪುರುಸೊತ್ತು, ಯಾವಾಗ ಮಾತಾಡಿಸಿದರೆ ಮುಖ ಸಿಂಡರಿಸುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಮುಖ ನೋಡಿ ಮನುಷ್ಯನನ್ನು ತಿಳಿಯುವ ವಿದ್ಯೆ ಬೈಗುಳದಿಂದ ತಪ್ಪಿಸಿಕೊಳ್ಳಲು ಕಲಿತದ್ದು. ಅವತ್ತು ಅದು ಗದ್ದೆ ಉಳಿಸಿತು. ಫಾರಂ ಅವರೇ ತುಂಬಿಕೊಟ್ಟರು. ನ್ಯಾಯಮಂಡಳಿಯಲ್ಲಿ ಭೂಮಿ ನಮ್ಮದಾಯಿತು, ತಮ್ಮಂದಿರ ಮಕ್ಕಳು ಘಟ್ಟ ಹತ್ತದೆ ಶಾಲೆ ಮುಗಿಸಿದರು.

2006ರ ಅಕ್ಟೋಬರಿನಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂದು ನಿಷೇಧ ಬಂದಾಗ ಹಳೆಯ ಗೆಳೆಯರೊಬ್ಬರು, "ಸಣ್ಣದರಲ್ಲೇ ಪಳಗದಿದ್ದರೆ ಕಸುಬು ಕಲಿಯುವುದು ಯಾವಾಗ ಮಾರಾಯ್ರೇ?" ಎಂದು ಕೇಳಿದರು. ಅವರ ಕೈಯಲ್ಲೂ ನನ್ನ ಕೈಯಲ್ಲೂ ಇರುವುದು ಒಂದೇ ಬಗೆಯ ಸುಟ್ಟ ಕಲೆ. "ನಿಮ್ಮ ಮೊಮ್ಮಗನಿಗೆ ಈಗ ಹನ್ನೊಂದಲ್ವಾ, ನಾಳೆ ಬೆಳಗಿನ ಜಾವಕ್ಕೆ ರುಬ್ಬಲು ಕಳಿಸ್ತೀರಾ?" ಎಂದೆ. ಕಳಿಸುವುದಿಲ್ಲ ಎಂದರು.